ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್

ವೆಲ್ಲೂರು ಎಂಬ ಊರಿನ ಹೆಸರು ಕೇಳದ ಮನೆ ನಮ್ಮ ಗಡಿಭಾಗದಲ್ಲಿ ಸಿಗುವುದು ಅಪರೂಪ. ಹೊಸೂರು, ತಾಳವಾಡಿಯ ಕಡೆಯವರಿರಲಿ, ಮಡಕಶಿರಾ, ರಾಯದುರ್ಗ, ಆದೋನಿ ಸೀಮೆಯವರಿರಲಿ, ಊರಿನ ಡಾಕ್ಟರು ಕೈಚೆಲ್ಲಿದ ಮೇಲೆ ರೋಗಿಯನ್ನು ಕರೆದುಕೊಂಡು ಕಾಟ್ಪಾಡಿ ಸ್ಟೇಷನ್ನಿನಲ್ಲಿ ಇಳಿದವರು ಬಳಗದಲ್ಲಿ ಒಬ್ಬರಾದರೂ ಇರುತ್ತಾರೆ. ಆದರೆ ಆ ದೊಡ್ಡಾಸ್ಪತ್ರೆಯನ್ನು ಕಟ್ಟಿದವರು ಯಾರು, ಏತಕ್ಕೆ ಕಟ್ಟಿದರು ಎಂದು ಕೇಳಿದರೆ ಬಹುಮಂದಿಗೆ ತಿಳಿಯದು. ಮಿಷನ್ ಆಸ್ಪತ್ರೆ ಎಂಬಷ್ಟೇ ಉತ್ತರ ಬರುತ್ತದೆ. ಅದನ್ನು ಕಟ್ಟಿದವರು ಒಬ್ಬ ಹೆಣ್ಣುಮಗಳು. ಡಾಕ್ಟರಾಗಲು ಮೊದಲಿಗೆ ಸುತರಾಂ ಮನಸ್ಸಿಲ್ಲದಿದ್ದ ಹೆಣ್ಣುಮಗಳು.

ಐಡಾ ಸೋಫಿಯಾ ಸ್ಕಡರ್ ಅವರು ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ವೆಲ್ಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ಮನೆತನ ಅಮೆರಿಕದ್ದು. ಅವರ ಅಜ್ಜ ಡಾ. ಜಾನ್ ಸ್ಕಡರ್ ನ್ಯೂಯಾರ್ಕಿನಲ್ಲಿ ಚೆನ್ನಾಗಿ ನಡೆಯುತ್ತಿದ್ದ ವೈದ್ಯವೃತ್ತಿಯನ್ನು ಬಿಟ್ಟು 1819ರಲ್ಲಿ ಹಡಗು ಹತ್ತಿ ಮೊದಲು ಸಿಂಹಳಕ್ಕೆ, ಆಮೇಲೆ ಮದ್ರಾಸಿಗೆ ಬಂದವರು. ಅವರ ಏಳು ಗಂಡುಮಕ್ಕಳೂ ಇದೇ ನಾಡಿನಲ್ಲಿ ಮಿಷನ್ ಕೆಲಸಕ್ಕೆ ನಿಂತರು. ಆ ಏಳರಲ್ಲಿ ಒಬ್ಬರು ಐಡಾ ಅವರ ತಂದೆ, ಅವರೂ ಡಾಕ್ಟರು. ಧರ್ಮಪ್ರಚಾರ ಅವರ ಉದ್ದೇಶವಾಗಿತ್ತು ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ, ಅವರೂ ಮರೆಮಾಚಲಿಲ್ಲ. ಆದರೆ ಔಷಧಿಯ ಪೆಟ್ಟಿಗೆಯನ್ನು ಜೊತೆಗೆ ತಂದರು, ಅದನ್ನು ಎಲ್ಲರಿಗೂ ತೆರೆದರು ಎಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕಾಗುತ್ತದೆ.

ಮಗುವಿಗೆ ಆರೇಳು ವರ್ಷವಾಗುವಷ್ಟರಲ್ಲಿ 1876ರಿಂದ 1878ರವರೆಗಿನ ಆ ಘೋರ ಬರ ಬಂತು. ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರದ ಬರವೆಂದು ಕರೆಯುತ್ತಿದ್ದುದು ಇದನ್ನೇ. ಆಗ ಆದೋನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯಲ್ಲಿದ್ದವು, ಬಳ್ಳಾರಿ ಮದ್ರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿಂದ ಆರ್ಕಾಟ್ ಸೀಮೆಯವರೆಗೂ ಊರಿಗೆ ಊರೇ ಬರಿದಾಯಿತು. ಹಸಿದು ಬಂದ ಮಕ್ಕಳ ಬಾಯಿಗೆ ರೊಟ್ಟಿಯ ಚೂರು ಮುರಿದು ಹಾಕುವ ಕೆಲಸವನ್ನು ಪುಟ್ಟ ಐಡಾಳ ಕೈಗೆ ಕೊಟ್ಟಿದ್ದರಂತೆ. ಕೈಯಲ್ಲಿ ಹಿಡಿದು ತಿನ್ನಲೂ ಆಗದಷ್ಟು ಸೋತ ಮಕ್ಕಳು. ರಸ್ತೆಯ ಬದಿಯಲ್ಲಿ ಬಿದ್ದಿದ್ದ ಪುಟ್ಟ ಶವಗಳನ್ನೂ ಆಕೆ ನೋಡಿದಳು. ಆಮೇಲೆ ಕುಟುಂಬ ಅಮೆರಿಕಕ್ಕೆ ಹೋಯಿತು. ಕೆಲವು ವರ್ಷಗಳಲ್ಲಿ ತಂದೆ ಮರಳಿ ಬಂದರು, ಅವರ ಹಿಂದೆಯೇ ತಾಯಿಯೂ ಬಂದರು. ಮಗಳು ಬಂಧುಗಳ ಮನೆಯಲ್ಲಿ ಒಬ್ಬಳೇ ಉಳಿದಳು. ತನ್ನ ತಂದೆತಾಯಿಯನ್ನು ತನ್ನಿಂದ ಕಸಿದ ದೇಶ ಎಂಬ ಭಾವನೆಯೇ ಹಿಂದೂಸ್ಥಾನದ ಮೇಲೆ ಆಕೆಗೆ ಬೆಳೆಯಿತು. ಇದು ಸಹಜವೇ ಅಲ್ಲವೇ? ಅಣ್ಣಂದಿರ ನಡುವೆ ಒಬ್ಬಳೇ ಹೆಣ್ಣುಮಗಳು, ಚೂಟಿ, ತುಂಟಿ. ಮಸಾಚುಸೆಟ್ಸ್‌ನ ನಾರ್ತ್‌ಫೀಲ್ಡ್ ಶಾಲೆಯಲ್ಲಿ ಓದುವಾಗ ಗೆಳತಿಯರೆಲ್ಲ ನೀನೂ ಮಿಷನ್ನಿಗೇ ಹೋಗುವವಳೆಂದು ಛೇಡಿಸಿದರೆ ಸಿಟ್ಟು ಬರುತ್ತಿತ್ತು. ಒಳ್ಳೆಯ ಮನೆ, ಒಳ್ಳೆಯ ಗಂಡ, ಸುಖದ ಸಂಸಾರ ಎಂಬುದು ಆಕೆ ಹಾಕಿಕೊಂಡಿದ್ದ ಲೆಕ್ಕ.

1890ರಲ್ಲಿ ತಾಯಿಗೆ ಕಾಯಿಲೆಯೆಂದು ತಂತಿ ಬಂದಿತು. ತಂದೆ ಆಗ ತಿಂಡಿವನಂ ಎಂಬಲ್ಲಿದ್ದರು, ಅದು ಮದ್ರಾಸಿನಿಂದ ದಕ್ಷಿಣಕ್ಕೆ. ತಾಯಿಯ ಶುಶ್ರೂಷೆ ಮುಗಿದೊಡನೆ ಹಿಂದಿರುಗುವುದೆಂದು ನಿಶ್ಚಯಿಸಿಕೊಂಡೇ ಐಡಾ ಬಂದರು. ಅಲ್ಲಿದ್ದ ಹೆಣ್ಣುಮಕ್ಕಳ ಶಾಲೆಯನ್ನು ಅಷ್ಟು ದಿನ ನೋಡಿಕೊಂಡರು.

ಆ ದಿನಗಳಲ್ಲಿ ಒಂದು ರಾತ್ರಿ ನಡೆದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು.

ಐಡಾ ದೀಪದ ಬೆಳಕಿನಲ್ಲಿ ಕಾಗದ ಬರೆಯುತ್ತ ಕುಳಿತಿದ್ದರು. ವರಾಂಡದಲ್ಲಿ ಹೆಜ್ಜೆಯ ಸದ್ದಾಯಿತು. ಬಂದವರು ಒಬ್ಬ ಬ್ರಾಹ್ಮಣ ಗೃಹಸ್ಥರು. ಎಳೆವಯಸ್ಸಿನ ಹೆಂಡತಿಗೆ ಹೆರಿಗೆಯಾಗದೆ ಪ್ರಾಣಕ್ಕೆ ಬಂದಿದೆ, ಸೂಲಗಿತ್ತಿಯರು ಕೈಬಿಟ್ಟಿದ್ದಾರೆ, ನೀವು ಬರಬೇಕೆಂದು ಬೇಡಿಕೊಂಡರು. ಡಾಕ್ಟರು ನನ್ನ ತಂದೆ, ನಾನಲ್ಲ, ಅವರನ್ನು ಕರೆತರುತ್ತೇನೆಂದು ಐಡಾ ಹೇಳಿದರು. ಗೃಹಸ್ಥರು ಹಿಂದೆ ಸರಿದರು. ಪರಪುರುಷನ ಕೈ ತಾಕುವುದಕ್ಕಿಂತ ಆಕೆ ಸಾಯುವುದೇ ಮೇಲೆಂಬುದು ಅವರ ಮನೆಯ ಕಟ್ಟುಪಾಡು. ಕಣ್ಣಲ್ಲಿ ನೀರು ತಂದುಕೊಂಡು ಹೊರಟುಹೋದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹೆಜ್ಜೆಯ ಸದ್ದು. ಆ ಬ್ರಾಹ್ಮಣರೇ ಮನಸ್ಸು ಬದಲಿಸಿ ಬಂದರೇನೋ ಎಂದು ಐಡಾ ಓಡಿದರು. ಬಂದವರು ಒಬ್ಬ ಮುಸಲ್ಮಾನರು, ಅವರದೂ ಅದೇ ಕಥೆ. ಈ ಸಲ ತಂದೆಯೂ ಮಾತನಾಡಿ ನೋಡಿದರು, ಗೋಷಾದೊಳಗಿನ ಹೆಂಗಸನ್ನು ಗಂಡಸು ನೋಡುವಂತಿಲ್ಲ ಎಂದು ಅವರೂ ಹೊರಟರು. ಮೂರನೆಯವರಾಗಿ ಮತ್ತೊಬ್ಬ ಮೇಲ್ಜಾತಿಯ ಹಿಂದೂ ಬಂದರು. ಅದೇ ಬೇಡಿಕೆ, ಅದೇ ಉತ್ತರ.

ಬೆಳಗಿನ ಜಾವ ಬೀದಿಯಲ್ಲಿ ಹಲಗೆಯ ಸದ್ದು ಕೇಳಿತು. ಆಳನ್ನು ಕಳುಹಿಸಿ ವಿಚಾರಿಸಿದರೆ ಮೂವರು ಹೆಂಗಸರೂ ರಾತ್ರಿಯೇ ತೀರಿಕೊಂಡಿದ್ದರು.

ಇಲ್ಲಿ ಒಂದು ಮಾತು ಹೇಳುವುದು ಅವಶ್ಯ. ಆ ಮೂವರು ಗಂಡಂದಿರನ್ನು ಕಟುಕರೆನ್ನುವುದು ಸುಲಭ. ಆದರೆ ಹೆಂಡತಿಯ ಮೇಲೆ ಪ್ರೀತಿಯಿಲ್ಲದವನು ಅರ್ಧರಾತ್ರಿಯಲ್ಲಿ ಪರದೇಶದವರ ಬಾಗಿಲಿಗೆ ಬಂದು ನಿಲ್ಲುತ್ತಾನೆಯೇ? ಪ್ರೀತಿ ಅಲ್ಲಿಯವರೆಗೆ ನಡೆದುಬಂದಿತು, ಆಚಾರ ಅಲ್ಲಿಂದ ಮುಂದೆ ಬಿಡಲಿಲ್ಲ. ಇಂಥ ಗೋಡೆ ಯಾವ ಜಾತಿಯಲ್ಲಿರಲಿಲ್ಲ? ಕಿಬ್ಬೊಟ್ಟೆಯ ನೋವನ್ನು ಹೇಳಿಕೊಳ್ಳಲು ನಾಚಿ ವರ್ಷಗಟ್ಟಲೆ ನುಂಗಿಕೊಂಡ ಅಜ್ಜಿಯರು ನಮ್ಮ ಮನೆಗಳಲ್ಲಿಯೂ ಇದ್ದರು. ಐಡಾ ಅವರು ಆ ಗಂಡಂದಿರನ್ನು ಬಯ್ಯುತ್ತ ಕೂರಲಿಲ್ಲ. ಗೋಡೆಯ ಒಳಗೆ ಹೋಗಬಲ್ಲವರು ಯಾರು ಎಂದು ಯೋಚಿಸಿದರು. ಹೆಂಗಸು ಹೋಗಬಹುದು. ಹೋಗುವ ಹೆಂಗಸಿಗೆ ವಿದ್ಯೆಯಿರಬೇಕು. ಅಂದೇ ತಂದೆತಾಯಿಯ ಮುಂದೆ ನಿಂತು, ಅಮೆರಿಕಕ್ಕೆ ಹೋಗಿ ಡಾಕ್ಟರಿಕೆ ಕಲಿತು ಬರುತ್ತೇನೆಂದು ತಿಳಿಸಿದರು.

1895ರಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿದರು. ನ್ಯೂಯಾರ್ಕಿನ ಕಾರ್ನೆಲ್ ವೈದ್ಯಕೀಯ ಕಾಲೇಜು 1898ರಲ್ಲಿ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದಾಗ ಕೊನೆಯ ವರ್ಷಕ್ಕೆ ಅಲ್ಲಿಗೆ ಹೋದರು, 1899ರಲ್ಲಿ ಪದವಿ ಪಡೆದರು. ಹೊರಡುವ ಮೊದಲು ಹಣದ ಪ್ರಶ್ನೆ ಬಂದಿತು. ವೆಲ್ಲೂರಿನಲ್ಲಿ ಹೆಂಗಸರ ಆಸ್ಪತ್ರೆ ಬೇಕು, ಅದಕ್ಕೆ 8,000 ಡಾಲರು ಕೂಡಿಸಿಕೊಂಡು ಹೋಗಬಹುದೆಂದು ಮಿಷನ್ನಿನವರು ಒಪ್ಪಿಗೆ ಕೊಟ್ಟಿದ್ದರು. ಮನೆಮನೆ ತಿರುಗಿದರೂ ಕೂಡಿದ್ದು ಅಲ್ಪಸ್ವಲ್ಪ. ಕೊನೆಗೆ ಟೇಬರ್ ಎಂಬ ಒಬ್ಬ ವೃದ್ಧೆಯ ಮನೆಗೆ ಹೋಗಿ ತಿಂಡಿವನಂನ ಆ ರಾತ್ರಿಯ ವಿಷಯವನ್ನು ಹೇಳಿದರು. ಪಕ್ಕದ ಕೋಣೆಯಲ್ಲಿ ಆಕೆಯ ಭಾವ ಶೆಲ್ ಎಂಬ ಬ್ಯಾಂಕಿನ ವ್ಯವಹಾರಸ್ಥರು ಕುಳಿತಿದ್ದರು. ದುಡ್ಡು ಬಿಚ್ಚುವವರಲ್ಲ ಎಂದು ಹೆಸರಾದವರು. ಮರುದಿನ ಅವರೇ ಹೇಳಿಕಳುಹಿಸಿ, ತೀರಿಹೋಗಿದ್ದ ತಮ್ಮ ಹೆಂಡತಿ ಮೇರಿ ಟೇಬರ್ ಶೆಲ್ ಅವರ ಹೆಸರಿನಲ್ಲಿ ಆಸ್ಪತ್ರೆ ಕಟ್ಟಲೆಂದು 10,000 ಡಾಲರು ಕೊಟ್ಟರು. ಅಂದಿನ ದರದಲ್ಲಿ ಇದು ನಮ್ಮ ಸುಮಾರು 30,000 ರೂಪಾಯಿ. ದೇಣಿಗೆಯ ರಸೀದಿ ಪುಸ್ತಕ ಹಿಡಿದು ತಿರುಗಿದ ಅನುಭವ ಇರುವ ಯಾರಿಗಾದರೂ ಈ ಪ್ರಸಂಗ ಓದುವಾಗ ಒಂದು ಬಗೆಯ ಸಮಾಧಾನವಾಗುತ್ತದೆ. ಕೊಡುವವನು ಎಷ್ಟೋ ಸಲ ನಾವು ಕೇಳಲು ಹೋದವನಲ್ಲ, ಪಕ್ಕದ ಕೋಣೆಯಲ್ಲಿ ಕುಳಿತವನು.

1900ರ ಜನವರಿಯಲ್ಲಿ ಐಡಾ ಅವರು ವೆಲ್ಲೂರಿಗೆ ಬಂದರು. ತಂದೆಯ ಕೈಕೆಳಗೆ ಕೆಲವು ವರ್ಷ ಪಳಗಿಕೊಳ್ಳಬೇಕೆಂಬ ಆಸೆಯಿತ್ತು. ಆದರೆ ಅದೇ ವರ್ಷ ತಂದೆ ಕ್ಯಾನ್ಸರಿನಿಂದ ತೀರಿಕೊಂಡರು. ಕಾಲೇಜಿನಿಂದ ಆಗ ತಾನೇ ಹೊರಬಂದ 29 ವರ್ಷದ ಹೆಣ್ಣುಮಗಳು, ಕೇಳುವುದಕ್ಕೆ ಹಿರಿಯ ಡಾಕ್ಟರಿಲ್ಲ. ಬಂಗಲೆಯಲ್ಲಿ ಹತ್ತಡಿ ಅಗಲ ಹನ್ನೆರಡು ಅಡಿ ಉದ್ದದ ಒಂದು ಕೋಣೆ, ಒಂದೇ ಹಾಸಿಗೆ. ಇದೇ ಇಂದಿನ ಆ ದೊಡ್ಡಾಸ್ಪತ್ರೆಯ ಮೂಲ. ನೋಡಲು ಹೋದ ಮೊದಲ ರೋಗಿಯೇ ಕೈಮೀರಿದ ಸ್ಥಿತಿಯಲ್ಲಿದ್ದು ಬದುಕಲಿಲ್ಲ. ಸುದ್ದಿ ಊರೆಲ್ಲ ಹರಡಿತು, ದಿನಗಟ್ಟಲೆ ಯಾರೂ ಈ ಕಡೆ ತಲೆಹಾಕಲಿಲ್ಲ. ಆಮೇಲೆ ಕಣ್ಣುಬೇನೆಯವರೊಬ್ಬರು ಬಂದು ಗುಣವಾಗಿ ಹೋದರು. ಅವರ ಬಾಯಿಂದ ಬಾಯಿಗೆ ಮಾತು ಹರಡಿ ಜನ ಬರತೊಡಗಿದರು. ಸಾಲೊಮಿ ಎಂಬ ಹೆಣ್ಣುಮಗಳಿಗೆ ಔಷಧಿ ಅಳೆದು ಕೊಡುವುದು, ಗಾಯ ಕಟ್ಟುವುದು, ಆಪರೇಷನ್ನಿಗೆ ಕೈ ನೀಡುವುದು ಎಲ್ಲವನ್ನೂ ಐಡಾ ಅವರೇ ಕಲಿಸಿದರು. ಮೊದಲ ಎರಡು ವರ್ಷಗಳಲ್ಲಿ ಹೀಗೆ ನೋಡಿದ ರೋಗಿಗಳು 5,000. 1902ರಲ್ಲಿ ಶೆಲ್ ಅವರ ಹಣದಿಂದ 40 ಹಾಸಿಗೆಯ ಹೆಂಗಸರ ಆಸ್ಪತ್ರೆ ಎದ್ದು ನಿಂತಿತು.

ಆಸ್ಪತ್ರೆ ಊರಿನಲ್ಲಾಯಿತು. ಬಡವರು ಇರುವುದು ಹಳ್ಳಿಯಲ್ಲಿ. ಬಂಡಿ ಹೂಡಿಸಿಕೊಂಡು ಬರುವಷ್ಟು ಅನುಕೂಲ ಎಷ್ಟು ಜನಕ್ಕೆ ಇದ್ದೀತು? ಆದ್ದರಿಂದ ವಾರಕ್ಕೊಮ್ಮೆ ಗುಡಿಯಾತ್ತಂ ರಸ್ತೆಯಲ್ಲಿ ತಾವೇ ಹೋಗುವ ಪದ್ಧತಿ ಇಟ್ಟುಕೊಂಡರು. ಮೊದಲು ಬಂಡಿಯಲ್ಲಿ, 1909ರಿಂದ ಪೂಜೋ ಎಂಬ ಫ್ರೆಂಚ್ ಕಂಪನಿಯ ಒಂದು ಸಣ್ಣ ಮೋಟಾರಿನಲ್ಲಿ. ಎತ್ತಿಲ್ಲದೆ, ಕುದುರೆಯಿಲ್ಲದೆ ಗಡಗಡ ಸದ್ದು ಮಾಡುತ್ತ ಬರುವ ಗಾಡಿಯನ್ನು ಕಂಡು ಪಿಶಾಚಿ ಬಂತೆಂದು ಜನ ಹೊಲಕ್ಕೆ ಬಿದ್ದು ಓಡಿದರಂತೆ. ಕೆಲವೇ ವಾರಗಳಲ್ಲಿ ಅದೇ ಜನ ಹುಣಸೆಮರ, ಆಲದಮರಗಳ ನೆರಳಿನಲ್ಲಿ ಗಾಡಿಯ ದಾರಿ ಕಾಯುತ್ತ ಕುಳಿತಿರುತ್ತಿದ್ದರು. ಕೀವುಗಟ್ಟಿದ ಹುಣ್ಣು, ಕಣ್ಣುಬೇನೆ, ಜ್ವರ, ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳು, ಎಲ್ಲವೂ ಮರದ ಕೆಳಗೇ. ಆಪರೇಷನ್ ಬೇಕಾದವರನ್ನು ಬರುವಾಗ ಗಾಡಿಯಲ್ಲಿಯೇ ತುಂಬಿಕೊಂಡು ಬರುತ್ತಿದ್ದರು. ನಮ್ಮಲ್ಲಿ ಈಗ ಉಚಿತ ತಪಾಸಣಾ ಶಿಬಿರಗಳು ಮಾಮೂಲಾಗಿವೆ. ಶಾಮಿಯಾನ, ಹಾರ, ಫೋಟೋ ಒಂದೂ ಇಲ್ಲದೆ ವಾರ ತಪ್ಪದೆ ಅದೇ ರಸ್ತೆಯಲ್ಲಿ ಅದೇ ಮರದ ಕೆಳಗೆ ಹೋಗಿ ನಿಂತದ್ದು ಬೇರೆಯೇ ಮಾತು. ಕುಷ್ಠದವರಿಗೆ ಒಂದು ದಿನದ ಶಿಬಿರದಿಂದ ಏನಾದೀತು?

ಒಬ್ಬಳು ಡಾಕ್ಟರಿಂದ ಇದು ಆಗುವ ಹೋಗುವ ಕೆಲಸವಲ್ಲ ಎಂಬುದು ಐಡಾ ಅವರಿಗೆ ಬೇಗ ತಿಳಿಯಿತು. ವಿದೇಶದಿಂದ ಎಷ್ಟು ಡಾಕ್ಟರಮ್ಮಂದಿರನ್ನು ತರಿಸಲಾದೀತು? ಈ ನೆಲದ ಹೆಣ್ಣುಮಕ್ಕಳೇ ಕಲಿಯಬೇಕು. 1909ರಲ್ಲಿ ನರ್ಸುಗಳ ಶಾಲೆ ಆರಂಭವಾಯಿತು. ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಾಲೆ ತೆರೆಯುವುದಕ್ಕೆ ಅನುಮತಿ ಕೇಳಲು ಹೋದಾಗ ಮದ್ರಾಸು ಸರ್ಕಾರದ ವೈದ್ಯ ಇಲಾಖೆಯ ಮುಖ್ಯಾಧಿಕಾರಿ ಕರ್ನಲ್ ಬ್ರೈಸನ್ ನಕ್ಕರಂತೆ. ಮೂರು ಅರ್ಜಿ ಬಂದರೆ ನಿಮ್ಮ ಪುಣ್ಯ ಎಂಬ ಧಾಟಿ ಅವರದು. 1918ರ ಆಗಸ್ಟ್‌ನಲ್ಲಿ ಶಾಲೆ ತೆರೆದಾಗ ಬಂದ ಅರ್ಜಿಗಳು ಎಷ್ಟೆಂದರೆ, ಬಹುಪಾಲು ಹುಡುಗಿಯರನ್ನು ಇಲ್ಲವೆಂದು ಹಿಂದಕ್ಕೆ ಕಳುಹಿಸಬೇಕಾಯಿತು. ಸ್ವಂತ ಕಟ್ಟಡವಿಲ್ಲ, ಬಾಡಿಗೆಯ ಮನೆಗಳು, ಪಾಠ ಹೇಳಲು ಬಹುಮಟ್ಟಿಗೆ ಐಡಾ ಅವರೇ. ನಾಲ್ಕು ವರ್ಷಗಳ ಎಲ್.ಎಂ.ಪಿ. ಡಿಪ್ಲೊಮಾ. 1922ರಲ್ಲಿ ಕೊನೆಯ ಪರೀಕ್ಷೆ ಬಂದಿತು. ಪ್ರಾಂತ್ಯದ ಹುಡುಗರ ಶಾಲೆಗಳಲ್ಲಿ ಕುಳಿತವರಲ್ಲಿ ಐವರಿಗೆ ಒಬ್ಬರು ತೇರ್ಗಡೆಯಾಗುವುದೂ ಕಷ್ಟ, ನಿಮ್ಮ ಹುಡುಗಿಯರ ಬಗ್ಗೆ ಹೆಚ್ಚಿಗೆ ಆಸೆ ಇಟ್ಟುಕೊಳ್ಳಬೇಡಿ ಎಂಬ ಎಚ್ಚರಿಕೆ ಮೊದಲೇ ಸಿಕ್ಕಿತ್ತು. ವೆಲ್ಲೂರಿನಿಂದ ಕುಳಿತ 14 ಹುಡುಗಿಯರೂ ತೇರ್ಗಡೆಯಾದರು.

ಇಷ್ಟೆಲ್ಲಕ್ಕೂ ದುಡ್ಡು ಬೇಕಲ್ಲ. ಅಮೆರಿಕದಲ್ಲಿ ಲೂಸಿ ಪೀಬಾಡಿ ಎಂಬ ಮಹಿಳೆ ನಿಂತು ಏಷ್ಯಾದ ಏಳು ಮಹಿಳಾ ಕಾಲೇಜುಗಳಿಗಾಗಿ ನಿಧಿ ಎತ್ತಿದರು. ಇಪ್ಪತ್ತು ಲಕ್ಷ ಡಾಲರು ಸಾರ್ವಜನಿಕರಿಂದ ಕೂಡಿಸಿದರೆ ಹತ್ತು ಲಕ್ಷ ನಾವು ಸೇರಿಸುತ್ತೇವೆಂದು ರಾಕ್‌ಫೆಲ್ಲರ್ ನಿಧಿಯವರು ಷರತ್ತು ಹಾಕಿದ್ದರು. ಐಡಾ ಅವರೂ ಹೋಗಿ ಊರೂರು ತಿರುಗಿ ಮಾತನಾಡಿದರು. ಬಹಳಷ್ಟು ಹಣ ಬಂದದ್ದು ಹೆಂಗಸರು ಮನೆಖರ್ಚಿನಲ್ಲಿ ಉಳಿಸಿದ ಚಿಲ್ಲರೆಯಿಂದ. ಗುರಿ ಮುಟ್ಟಿತು. ವೆಲ್ಲೂರಿನ ಪಾಲಿಗೆ ಬಂದದ್ದರಲ್ಲಿ ಊರಿನೊಳಗೆ ಹೊಸ ಆಸ್ಪತ್ರೆ, ಊರ ಹೊರಗೆ ಬಾಗಾಯಂ ಎಂಬಲ್ಲಿ ಗುಡ್ಡದ ಬುಡದ ಸುಮಾರು 200 ಎಕರೆಯಲ್ಲಿ ಕಾಲೇಜು ಕಟ್ಟಿದರು. 1932ರಲ್ಲಿ ಕಾಲೇಜು ಅಲ್ಲಿಗೆ ಹೋಯಿತು. ಲೆಕ್ಕಪತ್ರ ಬಲ್ಲ ಗರ್ಟ್ರೂಡ್ ಡಾಡ್ ಎಂಬ ಶ್ರೀಮಂತ ಮನೆತನದ ಮಹಿಳೆ ಹಲವು ವರ್ಷ ಐಡಾ ಅವರ ಜೊತೆಯಲ್ಲಿಯೇ ಇದ್ದು ಹಣಕಾಸನ್ನು ನೋಡಿಕೊಂಡರು, ತಮ್ಮ ಸ್ವಂತದ್ದನ್ನೂ ಸುರಿದರು. ಸಂಸ್ಥೆಗಳ ಚರಿತ್ರೆಯಲ್ಲಿ ಇಂಥವರ ಹೆಸರು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಜಮಾಖರ್ಚಿನ ಪುಸ್ತಕ ಸರಿಯಿಲ್ಲದೆ ಮುಳುಗಿದ ಸಂಸ್ಥೆಗಳನ್ನು ಕಂಡವರು ಆ ಒಂದು ಸಾಲನ್ನು ಎರಡು ಸಲ ಓದುತ್ತಾರೆ.

ಎಲ್ಲ ಸರಿಹೋಯಿತೆನ್ನುವಾಗ ದೊಡ್ಡ ಆಪತ್ತು ಬಂದಿತು. 1937ರಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತ್ತು. ಎಲ್.ಎಂ.ಪಿ. ಡಿಪ್ಲೊಮಾ ಇನ್ನು ಸಾಲದು, ಡಾಕ್ಟರಾಗುವವರಿಗೆ ವಿಶ್ವವಿದ್ಯಾಲಯದ ಎಂ.ಬಿ.ಬಿ.ಎಸ್. ಪದವಿಯೇ ಬೇಕು ಎಂದು ಸರ್ಕಾರ ನಿರ್ಧರಿಸಿತು. ಉದ್ದೇಶ ತಪ್ಪಲ್ಲ. ಬಡವನಿಗೆ ಅರ್ಧ ಕಲಿತ ಡಾಕ್ಟರು ಸಾಕು ಎನ್ನುವುದು ನ್ಯಾಯವೇ? ಆದರೆ ಅದಕ್ಕೆ ಬೇಕಾದ ಪ್ರೊಫೆಸರುಗಳು, ಪ್ರಯೋಗಶಾಲೆಗಳು, ಹೆಚ್ಚಿನ ಹಾಸಿಗೆಗಳು ವೆಲ್ಲೂರಿನಲ್ಲಿರಲಿಲ್ಲ. ಒದಗಿಸದಿದ್ದರೆ ಹೊಸ ವಿದ್ಯಾರ್ಥಿನಿಯರನ್ನು ಸೇರಿಸುವಂತಿಲ್ಲ, ಅಂದರೆ ಕಾಲೇಜು ತಾನಾಗಿ ಮುಚ್ಚುವುದು. ಐಡಾ ಅವರಿಗೆ ಆಗ ಎಪ್ಪತ್ತರ ಹತ್ತಿರ. ಮಹಾಯುದ್ಧ ನಡೆಯುತ್ತಿದ್ದಾಗಲೇ 1941ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ಜೋಳಿಗೆ ಹಿಡಿದರು.

ಅಲ್ಲಿ ಎದುರಾದ ಪ್ರಶ್ನೆ ಹಣಕ್ಕಿಂತ ಕಠಿಣವಾದದ್ದು. ಬೇರೆಬೇರೆ ಪಂಗಡಗಳ ಮಿಷನ್ನುಗಳೆಲ್ಲ ಸೇರಿ ಒಂದೇ ಪೂರ್ಣ ಕಾಲೇಜು ನಡೆಸೋಣ, ಗಂಡುಹುಡುಗರಿಗೂ ಅಲ್ಲಿಯೇ ಕಲಿಸೋಣ, ಆಗ ಎಲ್ಲರೂ ಹಣ ಕೊಡುತ್ತಾರೆ ಎಂಬ ಸಲಹೆ ಬಂದಿತ್ತು. ಹಳೆಯ ಗೆಳತಿ ಪೀಬಾಡಿಯವರು ಇದನ್ನು ಖಡಾಖಂಡಿತವಾಗಿ ವಿರೋಧಿಸಿದರು. ಹೆಂಗಸರು ಹೆಂಗಸರಿಗಾಗಿ ಚಿಲ್ಲರೆ ಕೂಡಿಸಿ ಕಟ್ಟಿದ್ದನ್ನು ಗಂಡಸರ ಕೈಗೆ ಕೊಡುವುದೇ ಎಂಬುದು ಅವರ ವಾದ. ಈ ವಾದದಲ್ಲಿ ಸತ್ವವಿಲ್ಲವೆನ್ನಲು ನಮಗೆ ಧೈರ್ಯ ಬಾರದು. ದಾನಿ ಯಾವ ಉದ್ದೇಶಕ್ಕೆ ಕೊಟ್ಟನೋ ಅದಕ್ಕೇ ವಿನಿಯೋಗವಾಗಬೇಕೆಂಬುದು ಧರ್ಮದರ್ಶಿಗಳೆಲ್ಲರೂ ಮೊದಲು ಕಲಿಯುವ ಪಾಠ. ಐಡಾ ಅವರು ಎರಡೂ ಕಡೆ ಎಳೆದಾಡಿ ನೊಂದರು. ಕೊನೆಗೆ, ಮುಚ್ಚಿದ ಮಹಿಳಾ ಕಾಲೇಜಿಗಿಂತ ತೆರೆದ ಸಮಾನ ಕಾಲೇಜೇ ಇರಲಿ ಎಂದು ನಿರ್ಧರಿಸಿದರು. ಹತ್ತಿರದ ಗೆಳತಿಯರೇ ನಂಬಿಕೆದ್ರೋಹವೆಂದರು. ಸ್ನೇಹಗಳು ಮುರಿದವು. 1942ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ತಾತ್ಕಾಲಿಕ ಮಾನ್ಯತೆ ಸಿಕ್ಕು ಎಂ.ಬಿ.ಬಿ.ಎಸ್. ತರಗತಿ ಆರಂಭವಾಯಿತು, 1947ರಲ್ಲಿ ಗಂಡುಹುಡುಗರು ಸೇರಿದರು, 1950ರಲ್ಲಿ ಮಾನ್ಯತೆ ಖಾಯಂ ಆಯಿತು. ಆ ತೀರ್ಮಾನ ಸರಿಯೇ ಎಂಬುದನ್ನು ಮುಂದಿನದು ಹೇಳುತ್ತದೆ. ಕುಷ್ಠದಿಂದ ಮಡಚಿಹೋದ ಕೈಬೆರಳುಗಳನ್ನು ಶಸ್ತ್ರಕ್ರಿಯೆಯಿಂದ ಮತ್ತೆ ದುಡಿಯುವಂತೆ ಮಾಡುವ ವಿಧಾನವನ್ನು ಡಾ. ಪಾಲ್ ಬ್ರಾಂಡ್ ಎಂಬವರು 1948ರಲ್ಲಿ ಜಗತ್ತಿನಲ್ಲಿ ಮೊದಲಿಗೆ ಮಾಡಿ ತೋರಿಸಿದ್ದು ವೆಲ್ಲೂರಿನಲ್ಲಿಯೇ. ಮರದ ಕೆಳಗೆ ಗಾಡಿ ಕಾಯುತ್ತಿದ್ದ ಆ ರೋಗಿಗಳಿಗೆ ಆಗ ಮುಲಾಮು, ಬಟ್ಟೆ ಬಿಟ್ಟರೆ ಕೊಡುವುದಕ್ಕೆ ಹೆಚ್ಚೇನೂ ಇರಲಿಲ್ಲವೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ದೇಶದ ಮೊದಲ ತೆರೆದ ಹೃದಯದ ಶಸ್ತ್ರಕ್ರಿಯೆ 1961ರಲ್ಲಿ, ಮೊದಲ ಯಶಸ್ವಿ ಮೂತ್ರಪಿಂಡ ಬದಲಾವಣೆ 1971ರಲ್ಲಿ ಅಲ್ಲಿಯೇ ನಡೆದವು.

1946ರಲ್ಲಿ ಐಡಾ ಅವರು ಅಧಿಕಾರ ಬಿಟ್ಟರು. ಕುರ್ಚಿ ಬಿಟ್ಟ ಮೇಲೂ ಆ ಕುರ್ಚಿಯ ಪಕ್ಕದಲ್ಲಿಯೇ ನಿಂತಿರುವ ಅಭ್ಯಾಸ ಅವರಿಗಿರಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ವಿಶಾಖಪಟ್ಟಣದಲ್ಲಿ ಹುಟ್ಟಿದ ಡಾ. ಹಿಲ್ಡಾ ಲಾಜರಸ್ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕಿಯಾದರು. ಐಡಾ ಅವರು ಮದುವೆಯಾಗಲಿಲ್ಲ. ಕೊಡೈಕೆನಾಲಿನ ಬೆಟ್ಟದ ಮೇಲಿನ ಮನೆಯಲ್ಲಿ ಹೂಗಿಡ ಬೆಳೆಸುತ್ತ, ಬಂದ ಹಳೆಯ ವಿದ್ಯಾರ್ಥಿನಿಯರನ್ನು ಹೆಸರು ಹಿಡಿದು ಕರೆಯುತ್ತ ಕೊನೆಯ ವರ್ಷಗಳನ್ನು ಕಳೆದರು. ಡಾಕ್ಟರ್ ಐಡಾ, ಇಂಡಿಯಾ ಎಂದಷ್ಟೇ ವಿಳಾಸ ಬರೆದು ಹಾಕಿದ ಒಂದು ಕಾಗದ ತಪ್ಪದೆ ಅವರ ಕೈ ಸೇರಿತಂತೆ. ನಮ್ಮ ಅಂಚೆಯವರನ್ನು ಹೊಗಳಬೇಕೋ ಡಾಕ್ಟರಮ್ಮನನ್ನು ಹೊಗಳಬೇಕೋ ಓದುಗರೇ ತೀರ್ಮಾನಿಸಲಿ. 1960ರ ಮೇ ತಿಂಗಳಲ್ಲಿ, 89ನೆಯ ವಯಸ್ಸಿನಲ್ಲಿ, ಅದೇ ಮನೆಯಲ್ಲಿ ತೀರಿಕೊಂಡರು. ವೆಲ್ಲೂರಿನಲ್ಲಿ ಅವರ ಶವದ ಹಿಂದೆ ನಡೆದವರಲ್ಲಿ ಎಲ್ಲ ಮತದವರೂ ಇದ್ದರು.

ಹೆಂಡತಿಯ ನೆನಪಿಗೆಂದು ಶೆಲ್ ಅವರು ಕಟ್ಟಿಸಿದ ಮೊದಲಿನ 40 ಹಾಸಿಗೆಯ ಆಸ್ಪತ್ರೆ ಕಾಲಾಂತರದಲ್ಲಿ ಕಣ್ಣಿನ ಆಸ್ಪತ್ರೆಯಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. ವೆಲ್ಲೂರಿನ ಜನ ಅದನ್ನು ಶೆಲ್ ಆಸ್ಪತ್ರೆ ಎಂದೇ ಕರೆಯುತ್ತಾರೆ.